ಕೋಲ್ಮನ್ ಹಾಕಿನ್ಸ್ ಕೇಳಲು ಎಲ್ಲಿಂದ ಶುರು ಮಾಡಬೇಕು?

ಜಾಝ್ ಕೇಳಲು ಹೊಸದಾಗಿ ಶುರು ಮಾಡಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ: ‘ಟೆನರ್ ಸ್ಯಾಕ್ಸೋಫೋನಿಗೆ ಜಾಝ್‌ನಲ್ಲಿ ಸ್ಥಾನ ತಂದುಕೊಟ್ಟವರು ಹಾಕಿನ್ಸ್ ಅಂತೀರಿ. ಆ್ಯಪ್‌ನಲ್ಲಿ ಹೆಸರು ಹಾಕಿದರೆ ರಾಶಿ ಆಲ್ಬಂ ಬರುತ್ತವೆ, ಒಂದೇ ಹಾಡು ಹತ್ತು ಕಡೆ ಇದೆ. ಯಾವುದನ್ನು ಕೇಳಲಿ?’

ಆಲ್ಬಂ ಹೆಸರನ್ನು ಮರೆತುಬಿಡಿ, ರೆಕಾರ್ಡ್ ಆದ ತಾರೀಕನ್ನು ಹಿಡಿಯಿರಿ. ಹಾಕಿನ್ಸ್ ಹುಟ್ಟಿದ್ದು 1904ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್‌ನಲ್ಲಿ. ತೀರಿಕೊಂಡಿದ್ದು 1969ರಲ್ಲಿ, ನ್ಯೂಯಾರ್ಕ್‌ನಲ್ಲಿ. ಎಲ್‌ಪಿ (ಉದ್ದ ಹೊತ್ತು ನುಡಿಯುವ ತಟ್ಟೆ) ಬಂದಿದ್ದೇ 1948ರಲ್ಲಿ. ಅಂದರೆ ಅವರ ಹೆಸರು ನಿಂತಿರುವ ಕೆಲಸದ ದೊಡ್ಡ ಪಾಲು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಗಳಲ್ಲಿದೆ. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ, ಅಷ್ಟೇ. ಆ ಕಾಲದ ಹೆಸರಿನಲ್ಲಿ ಇವತ್ತು ಕಾಣುವ ‘ಆಲ್ಬಂ’ಗಳೆಲ್ಲ ಆಮೇಲೆ ಯಾರೋ ಪೋಣಿಸಿದ ಸಂಕಲನಗಳು. ಯುರೋಪಿನಲ್ಲಿ 1963ಕ್ಕಿಂತ ಮುಂಚೆ ಬಿಡುಗಡೆಯಾದ ರೆಕಾರ್ಡಿಂಗ್‌ಗಳ ಹಕ್ಕಿನ ಅವಧಿ ಮುಗಿದಿದೆ. ಹಾಗಾಗಿ ಯಾರು ಬೇಕಾದರೂ ಹೊಸ ಹೊದಿಕೆ ಹಾಕಿ ಮಾರಬಹುದು, ಮಾರುತ್ತಲೂ ಇದ್ದಾರೆ. ಗೊಂದಲದ ಮೂಲ ಇದು.

ಶುರು ಮಾಡಬೇಕಾದ ತಾರೀಕು 1939ರ ಅಕ್ಟೋಬರ್ 11, ಹಾಡು ‘ಬಾಡಿ ಅಂಡ್ ಸೋಲ್’. ಐದು ವರ್ಷ ಯುರೋಪಿನಲ್ಲಿದ್ದು ಅದೇ ಬೇಸಿಗೆಯಲ್ಲಿ ಹಾಕಿನ್ಸ್ ನ್ಯೂಯಾರ್ಕಿಗೆ ಮರಳಿದ್ದರು. ಆರ್‌ಸಿಎ ವಿಕ್ಟರ್ ಕಂಪನಿಯ ಬ್ಲೂಬರ್ಡ್ ಎಂಬ ಅಗ್ಗದ ಲೇಬಲ್‌ಗೆ (ತಟ್ಟೆಗೆ 35 ಸೆಂಟ್) ನಾಲ್ಕು ಹಾಡು ರೆಕಾರ್ಡ್ ಮಾಡಿದ ದಿನ ಅದು. ಜೀನ್ ರಾಜರ್ಸ್ ಪಿಯಾನೊದಲ್ಲಿ ನಾಲ್ಕು ಬಾರ್ (ಇಲ್ಲಿ ಒಂದು ಬಾರ್ ಎಂದರೆ ನಾಲ್ಕು ಎಣಿಕೆ) ನುಡಿಸುತ್ತಾರೆ, ತಕ್ಷಣ ಹಾಕಿನ್ಸ್ ಎತ್ತಿಕೊಳ್ಳುತ್ತಾರೆ, ಕೊನೆವರೆಗೂ ಅವರದೇ ಪಾರುಪತ್ಯ. ಹಾಡಿನ ರಚನೆ 32 ಬಾರ್. ಅದನ್ನು ಎರಡು ಸುತ್ತು ನುಡಿಸುತ್ತಾರೆ, ಒಟ್ಟು 64.

ಮೂಲ ಧಾಟಿ ಗುರುತಿಗೆ ಸಿಗುವುದು ಮೊದಲ ಕೆಲವು ಬಾರ್‌ಗಳಲ್ಲಿ ಮಾತ್ರ. ಆಮೇಲೆ ಅವರು ಧಾಟಿಯನ್ನು ಬಿಟ್ಟು ಅದರ ಕೆಳಗಿರುವ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಹಿಡಿಯುತ್ತಾರೆ. ನಮ್ಮ ಸಂಗೀತ ಕೇಳಿ ಬೆಳೆದ ಕಿವಿಗೆ ತೊಡಕಾಗುವುದು ಇಲ್ಲೇ. ರಾಗದಲ್ಲಿ ಸ್ವರಗಳ ಗುಂಪು ಮೊದಲಿಂದ ಕೊನೆವರೆಗೆ ಒಂದೇ; ಇಲ್ಲಿ ಅನೇಕ ಕಡೆ ಎರಡೆರಡು ಎಣಿಕೆಗೆ ಕಾರ್ಡ್ ಬದಲಾಗುತ್ತದೆ, ಅದರ ಜೊತೆಗೆ ಯಾವ ಸ್ವರ ಒಪ್ಪುತ್ತದೆ ಎನ್ನುವುದೂ ಬದಲಾಗುತ್ತದೆ. ಅದರ ಮೇಲೆ ಮಧ್ಯದ ಎಂಟು ಬಾರ್‌ಗಳಲ್ಲಿ ಶ್ರುತಿಯೇ ಜಾಗ ಬಿಡುತ್ತದೆ: ಡಿ ಫ್ಲ್ಯಾಟ್‌ನಿಂದ ಡಿ, ಅಲ್ಲಿಂದ ಸಿ, ಮತ್ತೆ ಮೆಟ್ಟಿಲಿಳಿದು ಡಿ ಫ್ಲ್ಯಾಟ್. ಹಾಕಿನ್ಸ್ ಪ್ರತಿ ಕಾರ್ಡನ್ನೂ ಬಿಡಿಸಿ, ಅದರ ಒಳಸ್ವರಗಳನ್ನು ಮೇಲೆ ಕೆಳಗೆ ಹತ್ತಿಳಿಯುತ್ತ, ಎಲ್ಲಿಯೂ ಕೊಂಡಿ ತಪ್ಪದೆ ಮುಂದಿನದಕ್ಕೆ ದಾಟುತ್ತಾರೆ. ಮೊದಲ ಸಲ ಕೇಳುವಾಗ ಸ್ಯಾಕ್ಸೋಫೋನ್ ಬಿಟ್ಟು ಬಾಸ್ ಮತ್ತು ಪಿಯಾನೊ ಮಾತ್ರ ಹಿಂಬಾಲಿಸಿ. ಎರಡನೇ ಸಲ ಹಾಕಿನ್ಸ್ ಅವರನ್ನು ಕೇಳಿ. ಸುಮಾರು ಒಂದೂವರೆ ನಿಮಿಷಕ್ಕೆ ಎರಡನೇ ಸುತ್ತು ಶುರುವಾಗುತ್ತದೆ. ಉಳಿದ ಗಾಳಿವಾದ್ಯಗಳು ಹಿಂದಿನಿಂದ ದೀರ್ಘ ಸ್ವರ ಹಿಡಿಯುವುದು ಅಲ್ಲಿ, ಹಾಕಿನ್ಸ್ ಅವರ ನಾದ ದಪ್ಪಗಾಗಿ ತಾರಕ್ಕೆ ಏರುವುದೂ ಅಲ್ಲೇ.

ಈ ಹಾಡಿನಲ್ಲೇ ಪ್ರತಿಯ ಗುಣವನ್ನೂ ಪರೀಕ್ಷಿಸಬಹುದು. ಹಾಡು ಕೊನೆಗೆ ನಿಲ್ಲುವುದು ಡಿ ಫ್ಲ್ಯಾಟ್‌ನಲ್ಲಿ. ನಮ್ಮ ಲೆಕ್ಕದಲ್ಲಿ ಅದು ಸಿ ಶಾರ್ಪ್, ಒಂದೂವರೆ ಮನೆ. ಶ್ರುತಿ ಪೆಟ್ಟಿಗೆಯ ಆ್ಯಪನ್ನು ಒಂದೂವರೆ ಮನೆಗೆ ಇಟ್ಟು ಕೊನೆಯ ಹತ್ತು ಸೆಕೆಂಡ್ ನುಡಿಸಿ ನೋಡಿ. ಕೂಡಿಕೊಂಡರೆ ವೇಗ ಸರಿ. ಅರ್ಧ ಮನೆ ಏರಿದ್ದರೆ ತಟ್ಟೆಯನ್ನು ಸುಮಾರು ಆರು ಪರ್ಸೆಂಟ್ ಜೋರಾಗಿ ತಿರುಗಿಸಿ ಡಿಜಿಟಲ್ ಮಾಡಿದ್ದಾರೆ ಎಂದರ್ಥ. ಆಗ ಟೆನರ್ ಬಡಕಲಾಗಿ, ಆಲ್ಟೊ ಹತ್ತಿರಕ್ಕೆ ಹೋಗುತ್ತದೆ. (ಕದ್ರಿ ಗೋಪಾಲನಾಥರಿಂದ ನಮಗೆ ಪರಿಚಯವಾದದ್ದು ಆಲ್ಟೊ; ಟೆನರ್ ಅದಕ್ಕಿಂತ ಒಂದು ಮಧ್ಯಮದಷ್ಟು ಕೆಳಗಿನ ವಾದ್ಯ.) 1920ರ ದಶಕದ ತಟ್ಟೆಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಆಗ ‘78’ ಎಂದು ಕರೆದದ್ದೆಲ್ಲ ನಿಖರವಾಗಿ 78 ಆಗಿರುತ್ತಿರಲಿಲ್ಲ.

ಇನ್ನೊಂದು ಎಚ್ಚರಿಕೆ. ಹಾಕಿನ್ಸ್ ಈ ಹಾಡನ್ನು ಆಮೇಲೆ ಬದುಕಿನುದ್ದಕ್ಕೂ ನುಡಿಸಿದರು, ಅವುಗಳಲ್ಲಿ ಅನೇಕ ರೆಕಾರ್ಡ್ ಆಗಿವೆ. ನಿಮ್ಮದು ನಾಲ್ಕೈದು ನಿಮಿಷ ಇದ್ದರೆ, ಚಪ್ಪಾಳೆ ಕೇಳಿಸಿದರೆ, ಅದು 1939ರದ್ದಲ್ಲ. ಅವುಗಳಲ್ಲೊಂದು ಮಾತ್ರ ಹುಡುಕಿ ಕೇಳುವಂಥದ್ದು: ಬಿಲ್ ಸೇವೊರಿ ಎಂಬ ಎಂಜಿನಿಯರ್ 1940ರಲ್ಲಿ ರೇಡಿಯೊ ಪ್ರಸಾರದಿಂದ ಹಿಡಿದಿಟ್ಟದ್ದು. ಸೇವೊರಿಯ ತಟ್ಟೆಗಳು ದಶಕಗಳ ಕಾಲ ಯಾರ ಕೈಗೂ ಸಿಗದೆ, 2010ರಲ್ಲಿ ಹಾರ್ಲೆಮ್‌ನ ಜಾಝ್ ಮ್ಯೂಸಿಯಂ ಸೇರಿದವು. ಮೂರು ನಿಮಿಷದ ಕಟ್ಟು ಇಲ್ಲದಾಗ ಅದೇ ಹಾಡನ್ನು ಅವರು ಎಷ್ಟು ದೂರ ಒಯ್ಯುತ್ತಿದ್ದರು ಎಂಬುದಕ್ಕೆ ಅದು ಸಾಕ್ಷಿ.

ಈಗ ಹಿಂದಕ್ಕೆ. 1923ರಲ್ಲಿ ಫ್ಲೆಚರ್ ಹೆಂಡರ್ಸನ್ ತಂಡದೊಡನೆ ಮಾಡಿದ ‘ಡಿಕ್ಟಿ ಬ್ಲೂಸ್’ ಒಮ್ಮೆ ಕೇಳಿದರೆ ಸಾಕು. ಮೈಕ್ ಇಲ್ಲದ ಕಾಲ. ವಾದಕರು ದೊಡ್ಡ ಕಹಳೆಯ ಬಾಯಿಗೆ ನುಡಿಸುತ್ತಿದ್ದರು. ನಾಲಿಗೆಯಿಂದ ರೀಡನ್ನು (ಊದುವ ತುದಿಯ ತೆಳು ಪಟ್ಟಿ) ಚಟ್ ಚಟ್ ಎಂದು ಹೊಡೆಯುವ ಆಗಿನ ಶೈಲಿ ಅಲ್ಲಿದೆ. ಟೆನರ್ ಆಗ ಹೆಚ್ಚುಕಡಿಮೆ ಹಾಸ್ಯದ ವಾದ್ಯ. 1924ರಲ್ಲಿ ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಆ ತಂಡಕ್ಕೆ ಬಂದು ಸುಮಾರು ಒಂದು ವರ್ಷ ಇದ್ದರು. ಅವರ ಪಕ್ಕ ಕೂತ ಮೇಲೆ ಯಾರೂ ಮೊದಲಿನಂತೆ ನುಡಿಸಲಾಗಲಿಲ್ಲ. 1926ರ ‘ದಿ ಸ್ಟ್ಯಾಂಪೀಡ್’ನಲ್ಲಿ ಚಟ್ ಚಟ್ ಹೋಗಿ ವಾಕ್ಯ ಬಂದಿದೆ. 1929ರ ನವೆಂಬರ್ 14ರಂದು ಮೌಂಡ್ ಸಿಟಿ ಬ್ಲೂ ಬ್ಲೋವರ್ಸ್ ಹೆಸರಿನಲ್ಲಿ ಮಾಡಿದ ‘ಒನ್ ಅವರ್’ನಲ್ಲಿ ‘ಬಾಡಿ ಅಂಡ್ ಸೋಲ್’ ಹತ್ತು ವರ್ಷ ಮೊದಲೇ ಮೊಳಕೆಯೊಡೆದಿದೆ: ನಿಧಾನ ಗತಿ, ತುಂಬು ಉಸಿರು, ಕಾರ್ಡ್ ಬಿಡಿಸುವ ರೀತಿ. ಅದೇ ದಿನದ ‘ಹಲೋ ಲೋಲಾ’ ವೇಗದ್ದು. ಎರಡನ್ನೂ ಒಟ್ಟಿಗೇ ಕೇಳಿ.

ಯುರೋಪಿನ ಐದು ವರ್ಷಗಳಿಂದ ಒಂದೇ ದಿನ ಆರಿಸಿದರೆ ಸಾಕು: 1937ರ ಏಪ್ರಿಲ್ 28, ಪ್ಯಾರಿಸ್. ನಾಲ್ಕು ಸ್ಯಾಕ್ಸೋಫೋನ್, ಎರಡು ಆಲ್ಟೊ (ಬೆನ್ನಿ ಕಾರ್ಟರ್, ಆಂದ್ರೆ ಎಕ್ಯಾನ್), ಎರಡು ಟೆನರ್ (ಹಾಕಿನ್ಸ್, ಅಲಿಕ್ಸ್ ಕೊಂಬೆಲ್). ಗಿಟಾರ್ ಜಾಂಗೋ ರೈನ್‌ಹಾರ್ಟ್ ಅವರದು. ಪಿಟೀಲಿಗೆ ಹೆಸರಾದ ಸ್ಟೆಫಾನ್ ಗ್ರಾಪೆಲಿ ಇಲ್ಲಿ ಪಿಯಾನೊ ಮುಂದೆ ಕೂತಿದ್ದಾರೆ. ‘ಕ್ರೇಜಿ ರಿದಮ್’ನಲ್ಲಿ ಹೊಸಬರು ಮೊದಲು ಬರುವ ಟೆನರನ್ನೇ ಹಾಕಿನ್ಸ್ ಎಂದುಕೊಳ್ಳುತ್ತಾರೆ. ಅದು ಕೊಂಬೆಲ್. ಹಾಕಿನ್ಸ್ ಬರುವುದು ಎಲ್ಲರ ನಂತರ, ಬಂದವರು ಒಂದೇ ಸುತ್ತಿಗೆ ನಿಲ್ಲಿಸುವುದೂ ಇಲ್ಲ. 1961ರಲ್ಲಿ ಕಾರ್ಟರ್ ಮತ್ತು ಹಾಕಿನ್ಸ್ ಇದೇ ನಾಲ್ಕು ಸ್ಯಾಕ್ಸೋಫೋನ್‌ಗಳ ಜೋಡಣೆಯನ್ನು ‘ಫರ್ದರ್ ಡೆಫಿನಿಶನ್ಸ್’ ಎಂಬ ಎಲ್‌ಪಿಯಲ್ಲಿ ಮತ್ತೆ ಕಟ್ಟಿದರು, ಅದೇ ‘ಹನಿಸಕಲ್ ರೋಸ್’, ಅದೇ ‘ಕ್ರೇಜಿ ರಿದಮ್’. ಇಪ್ಪತ್ತನಾಲ್ಕು ವರ್ಷದ ಅಂತರವನ್ನು ಹದಿನೈದು ನಿಮಿಷದಲ್ಲಿ ಅಳೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ನಲವತ್ತರ ದಶಕಕ್ಕೆ ಬಂದಾಗ ಲೇಬಲ್‌ಗಳ ಹೆಸರು ಅಪರಿಚಿತವಾಗುತ್ತವೆ: ಸಿಗ್ನೇಚರ್, ಅಪೊಲೊ, ಕೀನೋಟ್, ಜೋ ಡೇವಿಸ್. ಕಾರಣ ಇದೆ. 1942ರ ಆಗಸ್ಟ್ 1ರಿಂದ ಅಮೆರಿಕದ ವಾದಕರ ಸಂಘ ರೆಕಾರ್ಡಿಂಗ್ ನಿಲ್ಲಿಸಿ ಮುಷ್ಕರ ಹೂಡಿತು. ಚಿಕ್ಕ ಕಂಪನಿಗಳು ಬೇಗ ರಾಜಿಯಾದವು. ವಿಕ್ಟರ್, ಕೊಲಂಬಿಯಾ 1944ರ ನವೆಂಬರ್‌ವರೆಗೆ ಜಗ್ಗಲಿಲ್ಲ. ಹಾಗಾಗಿ ಹಾಕಿನ್ಸ್ ಅವರ ಅತ್ಯಂತ ಬಿರುಸಿನ ಎರಡು ವರ್ಷ ಚಿಕ್ಕ ಲೇಬಲ್‌ಗಳಲ್ಲಿ ಚದುರಿಹೋಗಿದೆ, ದೊಡ್ಡ ಕಂಪನಿಗಳ ‘ಅತ್ಯುತ್ತಮ ಹಾಡು’ ಸಂಕಲನಗಳಲ್ಲಿ ಅದು ಸಿಗುವುದೇ ಇಲ್ಲ.

ಆ ಪೈಕಿ ಮೂರನ್ನು ಬಿಡಬೇಡಿ. 1943ರ ಡಿಸೆಂಬರ್‌ನ ‘ದಿ ಮ್ಯಾನ್ ಐ ಲವ್’ ಹನ್ನೆರಡು ಇಂಚಿನ ತಟ್ಟೆ, ಹಾಗಾಗಿ ಐದು ನಿಮಿಷದ ಹತ್ತಿರ ಹೋಗುತ್ತದೆ. ಆಸ್ಕರ್ ಪೆಟಿಫೋರ್ಡ್ ಬಾಸ್‌ನಲ್ಲಿ ಒಂಟಿ ನುಡಿಸುವಾಗ ಪ್ರತಿ ವಾಕ್ಯದ ನಡುವೆ ಅವರು ಉಸಿರೆಳೆಯುವ ಸದ್ದು ಸ್ಪಷ್ಟ. ಇದೇ ಎರಡನೇ ಪರೀಕ್ಷೆ: ಆ ಉಸಿರು ಕೇಳದಿದ್ದರೆ ಕರಕರ ಸದ್ದು ಒರೆಸುವ ಭರದಲ್ಲಿ ಸಂಗೀತವನ್ನೂ ಒರೆಸಿದ್ದಾರೆ. ಅಂಥ ಪ್ರತಿಯಲ್ಲಿ ಹಾಕಿನ್ಸ್ ಅವರ ರೀಡಿನ ಅಂಚೂ ಸತ್ತು, ವಾದ್ಯ ಕಂಬಳಿ ಹೊದ್ದಂತೆ ಕೇಳುತ್ತದೆ. ತಟ್ಟೆಯ ಸ್ವಲ್ಪ ಕರಕರ ಇರುವ ಪ್ರತಿಯೇ ಮೇಲು. 78ರ ಹಾಡನ್ನು ‘ಸ್ಟೀರಿಯೊ’ ಎಂದು ಮಾರುವ ಅರವತ್ತರ ದಶಕದ ಎಲ್‌ಪಿಗಳನ್ನೂ ದೂರವಿಡಿ. ಅಲ್ಲಿ ಒಂದು ಕಿವಿಗೆ ಮಂದ್ರ, ಇನ್ನೊಂದಕ್ಕೆ ತಾರ ಹಂಚಿರುತ್ತಾರೆ, ಟೆನರ್ ನಡುವೆ ಸೀಳಿಹೋಗುತ್ತದೆ.

1944ರ ಫೆಬ್ರವರಿ 16ರ ಅಪೊಲೊ ಸೆಷನ್‌ನಲ್ಲಿ ಡಿಜ್ಜಿ ಗಿಲೆಸ್ಪಿ (ಟ್ರಂಪೆಟ್), ಮ್ಯಾಕ್ಸ್ ರೋಚ್ (ಡ್ರಮ್ಸ್) ಇದ್ದಾರೆ. ಬೀಬಾಪ್ ಎಂಬ ಆಗಿನ ಹೊಸ ಜಾಝ್ ಶೈಲಿಯ ಮೊದಲ ರೆಕಾರ್ಡ್ ಎಂದು ಅನೇಕರು ಎಣಿಸುವುದು ಅಲ್ಲಿನ ‘ವುಡಿ ಎನ್ ಯು’ವನ್ನು. ಅದೇ ಅಕ್ಟೋಬರ್‌ನಲ್ಲಿ, ಜೋ ಡೇವಿಸ್ ಲೇಬಲ್‌ಗೆ, ಪಿಯಾನೊ ನುಡಿಸಿದವರು ಥೆಲೋನಿಯಸ್ ಮಂಕ್. ಮಂಕ್ ಸ್ಟುಡಿಯೊದಲ್ಲಿ ರೆಕಾರ್ಡ್ ಆದದ್ದು ಅದೇ ಮೊದಲು. ನಲವತ್ತು ಮುಟ್ಟುತ್ತಿದ್ದ ಹಾಕಿನ್ಸ್, ಹೊಸಬರನ್ನು ಕರೆದು ಕೂರಿಸಿಕೊಂಡಿದ್ದಾರೆ. ನುಡಿಸುವ ಲಯ ಮಾತ್ರ ಹಳೆಯದೇ: ಅವರು ತಾಳದ ಮೇಲೆ ನೇರ ಕಾಲಿಡುತ್ತಾರೆ, ಗಿಲೆಸ್ಪಿ ಅದರ ಸುತ್ತ ಸುಳಿಯುತ್ತಾರೆ.

‘ಪಿಕಾಸೊ’ ಬಗ್ಗೆ ಬಹಳ ಕೇಳುತ್ತಾರೆ. ಯಾವ ಪಕ್ಕವಾದ್ಯವೂ ಇಲ್ಲದೆ ಒಂಟಿ ಸ್ಯಾಕ್ಸೋಫೋನ್, ಮೂರು ನಿಮಿಷದ ಸುಮಾರು. ನಿರ್ಮಾಪಕ ನಾರ್ಮನ್ ಗ್ರಾಂಜ್ ಹೊರತಂದ ‘ದಿ ಜಾಝ್ ಸೀನ್’ ಎಂಬ 5,000 ಪ್ರತಿಗಳ ಸಂಪುಟದಲ್ಲಿ ಬಂತು. ಮುಖ್ಯವಾದದ್ದೇ, ಆದರೆ ಅದರಿಂದ ಶುರು ಮಾಡಬೇಡಿ. ಕೆಳಗಿನ ಕಾರ್ಡ್‌ಗಳನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳಲು ಬಾರದವರಿಗೆ ಅದು ಬರೀ ಅಲೆದಾಟ ಅನಿಸುತ್ತದೆ.

ಎಲ್‌ಪಿ ಕಾಲದಲ್ಲಿ ಆಲ್ಬಂ ಹೆಸರನ್ನು ನಂಬಬಹುದು. 1957ನ್ನು ಹಿಡಿಯಿರಿ, ಆ ವರ್ಷ ಹಾಕಿನ್ಸ್ ಮುಟ್ಟಿದ್ದೆಲ್ಲ ಚಿನ್ನ: ರಿವರ್‌ಸೈಡ್‌ನ ‘ದಿ ಹಾಕ್ ಫ್ಲೈಸ್ ಹೈ’; ಅದೇ ಲೇಬಲ್‌ನ ‘ಮಂಕ್ಸ್ ಮ್ಯೂಸಿಕ್’, ಅದರಲ್ಲಿ ಇನ್ನೊಂದು ಟೆನರ್ ಜಾನ್ ಕೋಲ್ಟ್ರೇನ್ (‘ರೂಬಿ, ಮೈ ಡಿಯರ್’ನಲ್ಲಿ ಹಾಕಿನ್ಸ್ ಒಬ್ಬರೇ); ಅಕ್ಟೋಬರ್‌ನಲ್ಲಿ ವರ್ವ್ ಲೇಬಲ್‌ಗೆ ಇನ್ನೊಬ್ಬ ಟೆನರ್ ವಾದಕ ಬೆನ್ ವೆಬ್‌ಸ್ಟರ್ ಜೊತೆಗಿನದು. ಆ ಕೊನೆಯದರಲ್ಲಿ ಇಬ್ಬರನ್ನು ಬೇರ್ಪಡಿಸುವುದು ಸುಲಭ. ವಾಕ್ಯದ ಕೊನೆಯಲ್ಲಿ ನಾದ ಕರಗಿ ಬರೀ ಗಾಳಿ ಉಳಿದರೆ ವೆಬ್‌ಸ್ಟರ್, ಗಟ್ಟಿಯಾಗಿ ಕತ್ತರಿಸಿ ನಿಲ್ಲಿಸಿದರೆ ಹಾಕಿನ್ಸ್. ‘ಬ್ಲೂಸ್ ಫಾರ್ ಯೋಲಾಂಡ್’ನಲ್ಲಿ ಮಾತ್ರ ಹಾಕಿನ್ಸ್ ಕಿರುಚಿಬಿಡುತ್ತಾರೆ, ಆ ಶಿಸ್ತೆಲ್ಲ ಎಲ್ಲಿಗೆ ಹೋಯಿತೋ!

ಆಮೇಲಿನದ್ದರಲ್ಲಿ 1960ರ ‘ಅಟ್ ಈಸ್’ ರಾತ್ರಿಯ ಹೊತ್ತಿಗೆ, 1962ರಲ್ಲಿ ಡ್ಯೂಕ್ ಎಲಿಂಗ್ಟನ್ ಜೊತೆ ಮಾಡಿದ್ದು ಯಾವ ಹೊತ್ತಿಗೂ ಆದೀತು. ಮ್ಯಾಕ್ಸ್ ರೋಚ್ ಅವರ 1960ರ ‘ವಿ ಇನ್‌ಸಿಸ್ಟ್’ನಲ್ಲಿ, ಐದು ಎಣಿಕೆಯ ‘ಡ್ರೈವಾ ಮ್ಯಾನ್’ ನುಡಿಸುವಾಗ ಹಾಕಿನ್ಸ್ ಅವರ ರೀಡು ಒಂದು ಕಡೆ ಕೀರಲುತ್ತದೆ. ಮತ್ತೆ ನುಡಿಸದೆ ಹಾಗೇ ಇರಲಿ ಎಂದವರು ಅವರೇ. ನಿಮ್ಮ ಸ್ಪೀಕರ್ ಕೆಟ್ಟಿಲ್ಲ.

ಸಾವಿನ ನಂತರ ಬಂದ ‘ಸಿರಿಯಸ್’, 1966ರಲ್ಲಿ ರೆಕಾರ್ಡ್ ಆದದ್ದು, ಎಲ್ಲ ಆದ ಮೇಲೆ ಬೇಕಿದ್ದರೆ ಕೇಳಿ. ಉಸಿರು ತುಂಡಾಗಿದೆ, ಉದ್ದ ವಾಕ್ಯಗಳು ಅರ್ಧಕ್ಕೇ ನಿಲ್ಲುತ್ತವೆ. ಹೊಸದಾಗಿ ಕೇಳುವವರ ಪಟ್ಟಿಯಲ್ಲಿ ಅದನ್ನು ಸೇರಿಸುವುದು ಸರಿಯಲ್ಲ.