ಅಡಿಕೆ ಸುಲಿಯುವ ಕೈ

ನಿನ್ನೆ ರಾತ್ರಿ ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಮೆಟ್ಟುಗತ್ತಿಯ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಹೆಂಗಸರು. ಹಗಲು ಮರವೇರಿ ಕೊನೆ ಇಳಿಸಿದವರೆಲ್ಲ ಗಂಡಸರು. "ಹೆಂಗಸರ ಕೈ ಚುರುಕು, ತಾಳ್ಮೆಯೂ ಹೆಚ್ಚು, ಅದಕ್ಕೇ ಈ ಕೆಲಸ ಅವರಿಗೆ ಒಗ್ಗಿದೆ" ಎಂದು ದೊಡ್ಡಪ್ಪ ಹೇಳಿದಾಗ, ಅವರು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿದ್ದಾರೆಂದು ನನಗೆ ಅನ್ನಿಸಿತು.

ಸಾಮಾಜಿಕ ಮನೋವಿಜ್ಞಾನಿ ಆಲಿಸ್ ಈಗ್ಲಿಯವರು ಸ್ಟೆಫೆನ್ ಅವರೊಡನೆ 1984ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಪರೀಕ್ಷಿಸಿತ್ತು. ಒಬ್ಬ ವ್ಯಕ್ತಿ ಮನೆವಾರ್ತೆ ನೋಡಿಕೊಳ್ಳುವವರೆಂದು ತಿಳಿಸಿದಾಗ, ಅವರು ಹೆಣ್ಣಾಗಿರಲಿ ಗಂಡಾಗಿರಲಿ, ಜನ ಅವರನ್ನು ಹೆಚ್ಚು ಅಕ್ಕರೆಯವರೆಂದೂ, ಹೊರಗೆ ದುಡಿಯುವವರಿಗಿಂತ ಕಡಿಮೆ ಛಲದವರೆಂದೂ ಎಣಿಸಿದರು. ಯಾರನ್ನು ಯಾವ ಕೆಲಸದಲ್ಲಿ ದಿನವೂ ಕಾಣುತ್ತೇವೆಯೋ ಆ ಕೆಲಸ ಬೇಡುವ ಗುಣವನ್ನೇ ಅವರ ಹುಟ್ಟುಗುಣವೆಂದು ನಂಬಿಬಿಡುತ್ತೇವೆ.

ಓದಿದವರು ಇದರಿಂದ ಪಾರಾಗಿದ್ದಾರೆಯೇ? 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಪ್ರಯೋಗಾಲಯದ ವ್ಯವಸ್ಥಾಪಕ ಹುದ್ದೆಯ ಒಂದೇ ಅರ್ಜಿಯನ್ನು, ಕೆಲವರಿಗೆ ಜಾನ್ ಎಂಬ ಹೆಸರಿನಲ್ಲಿ, ಉಳಿದವರಿಗೆ ಜೆನಿಫರ್ ಎಂಬ ಹೆಸರಿನಲ್ಲಿ ಕೊಡಲಾಯಿತು. ಜಾನ್‌ಗೆ ಸೂಚಿಸಿದ ವಾರ್ಷಿಕ ಸಂಬಳ ಸರಾಸರಿ 30,238 ಡಾಲರ್, ಜೆನಿಫರ್‌ಗೆ 26,508. ಹಾಗೆ ತೂಗಿದವರಲ್ಲಿ ಮಹಿಳಾ ಪ್ರಾಧ್ಯಾಪಕರೂ ಇದ್ದರು, ಅವರ ತಕ್ಕಡಿಯೂ ಅದೇ ಕಡೆಗೆ ವಾಲಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಈ ಸಂಗತಿಯೇ.

ಇಷ್ಟನ್ನೂ ನಾನು ದೊಡ್ಡಪ್ಪನಿಗೆ ಹೇಳಲು ಹೊರಟಿದ್ದೆ (ಅವರು ಕೇಳುತ್ತಿದ್ದರೆಂಬ ಭರವಸೆಯೇನೂ ಇರಲಿಲ್ಲ). ಅಷ್ಟರಲ್ಲಿ ದೊಡ್ಡಮ್ಮ ಕತ್ತಿಯಿಂದ ಕಣ್ಣು ತೆಗೆಯದೆ, "ಮದುವೆಯಾಗಿ ಬಂದ ವರ್ಷ ಮೂರು ಬೆರಳು ಕುಯ್ದುಕೊಂಡಿದ್ದೆ" ಎಂದರು.