ನನ್ನ ಮಗನನ್ನೂ ನಿಲ್ಲಿಸಿದ್ರಾ?

ಜಪಾನಿನಲ್ಲಿ ಸೈಕಲ್ಲಿಗೂ ನೋಂದಣಿ ಉಂಟು. ಕೊಂಡ ದಿನವೇ ಅಂಗಡಿಯವರು ನಮ್ಮ ಹೆಸರು, ವಿಳಾಸ ಬರೆದುಕೊಂಡು ನಂಬರ್ ಇರುವ ಸ್ಟಿಕರ್ ಅಂಟಿಸಿ ಕೊಡುತ್ತಾರೆ. ಕದ್ದ ಸೈಕಲ್ ಪತ್ತೆ ಹಚ್ಚೋಕೆ ಪೊಲೀಸರಿಗೆ ಅದು ಬೇಕು. ಒಳ್ಳೆ ವ್ಯವಸ್ಥೆಯೇ. ಆದರೆ ಯಾರ ಸೈಕಲ್ ನಿಲ್ಲಿಸಬೇಕು ಅನ್ನೋದನ್ನು ಸ್ಟಿಕರ್ ಹೇಳುವುದಿಲ್ಲವಲ್ಲ, ಅದನ್ನು ಅವರು ಮುಖ ನೋಡಿಯೇ ತೀರ್ಮಾನಿಸಬೇಕು.

ಹೋದ ವರ್ಷ ಜುಲೈನಲ್ಲಿ ಒಂದು ಭಾನುವಾರ. ಟೋಕಿಯೋದ ನಿಶಿ-ಕಸಾಯಿಯಲ್ಲಿ ಇಂಡಿಯನ್ ಅಂಗಡಿಯಿಂದ ಮನೆಗೆ ಬರುತ್ತಿದ್ದೆವು. ನನ್ನ ಬುಟ್ಟಿಯಲ್ಲಿ ತೊಗರಿಬೇಳೆ, ಕರಿಬೇವು. ಯಜಮಾನರ ಸೈಕಲ್ ಹಿಂದೆ ಅಕ್ಕಿ ಚೀಲ. ನಡುವೆ ಮೂರನೇ ಕ್ಲಾಸಿನ ಮಗಳು. ಸಿಗ್ನಲ್ ಹತ್ತಿರ ಇಬ್ಬರು ಪೊಲೀಸರು ನಿಂತಿದ್ದರು. ನಮ್ಮ ಮುಂದೆ ಒಬ್ಬ ಹುಡುಗ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೋದ. ಸೈಕಲ್ ಮೇಲೆ ಹಾಗೆ ಹೋಗುವುದು ಇಲ್ಲಿ ತಪ್ಪು. ಅವನನ್ನು ಬಿಟ್ಟರು. ನಮ್ಮನ್ನು ನಿಲ್ಲಿಸಿದರು.

ಇಲ್ಲಿಯ ಪೊಲೀಸರು ಗದರುವುದಿಲ್ಲ, ಅದೇ ಕಷ್ಟ. ತಲೆ ಬಾಗಿಸಿ, ಕ್ಷಮೆ ಕೇಳಿ, ‘ಒಂದು ನಿಮಿಷ ಸಹಕರಿಸುತ್ತೀರಾ’ ಅಂತ ಶುರು ಮಾಡುತ್ತಾರೆ. ಜಗಳ ಆಡೋಣ ಅಂದರೆ ಜಗಳಕ್ಕೆ ಹಿಡಿಕೆಯೇ ಸಿಗುವುದಿಲ್ಲ. ಸೈಕಲ್ ನಂಬರ್ ವಯರ್‌ಲೆಸ್‌ನಲ್ಲಿ ಓದಿದರು. ಆಮೇಲೆ ನಮ್ಮ ರೆಸಿಡೆನ್ಸ್ ಕಾರ್ಡ್ ಕೇಳಿದರು. ವಿದೇಶಿಯರು ಅದನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ 2 ಲಕ್ಷ ಯೆನ್‌ವರೆಗೆ ದಂಡ. ಅಕ್ಕಿ ತರೋಕೆ ಹೋಗುವಾಗಲೂ ಅಷ್ಟೇ.

ಕಿರಿಯ ಪೊಲೀಸ್ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ‘ನೀನು ಯಾವ ದೇಶದಿಂದ ಬಂದೆ?’ ಅಂತ ಕೇಳಿದ.

‘ಎದೊಗಾವಾ’ ಅಂದಳು. ನಾವಿರುವ ವಾರ್ಡಿನ ಹೆಸರು. ಅವಳು ಹುಟ್ಟಿದ್ದೂ ಅಲ್ಲೇ.

ಅವನು ನಕ್ಕು, ‘ಜಪಾನೀಸ್ ಎಷ್ಟು ಚೆನ್ನಾಗಿ ಮಾತಾಡುತ್ತೀಯ!’ ಅಂತ ಹೊಗಳಿದ. ಅವಳಿಗೆ ಅರ್ಥವಾಗಲಿಲ್ಲ. ಅವಳ ಕನ್ನಡವನ್ನು ಯಾರಾದರೂ ಹೊಗಳಿದ್ದರೆ ಖುಷಿಪಡುತ್ತಿದ್ದಳೋ ಏನೋ, ಅದಕ್ಕೆ ಅವಳು ಕಷ್ಟಪಡುತ್ತಾಳೆ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ, ಅಪ್ಪನೋ ಅಮ್ಮನೋ ಜಪಾನಿಯಾಗಿರಬೇಕು. ಹಾಗಾಗಿ ಅವಳ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್. ಕಾಗದದ ಲೆಕ್ಕದಲ್ಲಿ ಪೊಲೀಸನೇ ಸರಿ.

ನಾವು ಅಲ್ಲಿ ನಿಂತಿದ್ದಷ್ಟು ಹೊತ್ತೂ ಸೈಕಲ್‌ಗಳು ಹೋಗುತ್ತಲೇ ಇದ್ದವು. ಒಂದನ್ನೂ ನಿಲ್ಲಿಸಲಿಲ್ಲ. ನಮ್ಮ ಮಗಳ ಕ್ಲಾಸಿನ ಹುಡುಗನೊಬ್ಬ ಅವನಮ್ಮನ ಜೊತೆ ಹೋದ, ಕೈ ಬೀಸಿದ. ಅದು ಅವಳಿಗೆ ಚುಚ್ಚಿತು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಟೋಕಿಯೋದ ವಕೀಲರ ಸಂಘವೊಂದು 2022ರಲ್ಲಿ ವಿದೇಶಿ ಮೂಲದವರನ್ನು ಕೇಳಿದಾಗ, ಉತ್ತರ ಕೊಟ್ಟ ಎರಡು ಸಾವಿರ ಚಿಲ್ಲರೆ ಜನರಲ್ಲಿ ಸುಮಾರು ಶೇ. 63 ಮಂದಿ ಹಿಂದಿನ ಐದು ವರ್ಷದಲ್ಲಿ ಪೊಲೀಸರ ಪ್ರಶ್ನೆ ಎದುರಿಸಿದ್ದರು. 2024ರ ಜನವರಿಯಲ್ಲಿ ಬೇರೆ ದೇಶದಲ್ಲಿ ಹುಟ್ಟಿದ ಮೂವರು ಇದೇ ವಿಚಾರಕ್ಕೆ ಕೋರ್ಟ್ ಮೆಟ್ಟಿಲು ಹತ್ತಿದರು. ಅವರಲ್ಲೊಬ್ಬರು ಜಪಾನಿ ಪೌರತ್ವ ಪಡೆದವರು. ಪಾಸ್‌ಪೋರ್ಟ್ ಬದಲಾಯಿಸಬಹುದು, ಮುಖ ಬದಲಾಯಿಸೋಕಾಗುತ್ತಾ?

ಮಧ್ಯಾಹ್ನ ಮಗಳನ್ನು ಬಯಲು ಈಜುಕೊಳಕ್ಕೆ ಕರೆದುಕೊಂಡು ಹೋದೆ. ಈಜುಕೊಳ ಅಂದರೆ ನನಗೆ ಅರಿಯಾನಾ ಮಿಯಾಮೊಟೊ ನೆನಪಾಗುತ್ತಾಳೆ. ನಾಗಾಸಾಕಿಯ ಸಾಸೆಬೊದಲ್ಲಿ ಹುಟ್ಟಿದವಳು. ಅಮ್ಮ ಜಪಾನಿ, ಅಪ್ಪ ಆಫ್ರಿಕನ್ ಅಮೆರಿಕನ್. 2015ರಲ್ಲಿ ಮಿಸ್ ಯೂನಿವರ್ಸ್ ಜಪಾನ್ ಆದಾಗ, ಇವಳು ಜಪಾನಿಯಂತೆ ಕಾಣುವುದಿಲ್ಲ ಅಂತ ಜನ ಗಲಾಟೆ ಮಾಡಿದರು. ತಾನು ಇಳಿದ ಕೊಳಕ್ಕೆ ಇಳಿಯೋಕೆ ಶಾಲೆಯ ಮಕ್ಕಳು ಒಪ್ಪುತ್ತಿರಲಿಲ್ಲ ಅಂತ ಅವಳು ಹೇಳಿಕೊಂಡಿದ್ದಳು. ಮುಂದಿನ ವರ್ಷವೇ, ಬಂಗಾಳಿ ಅಪ್ಪನ ಮಗಳು ಪ್ರಿಯಾಂಕಾ ಯೊಶಿಕಾವಾ ಮಿಸ್ ವರ್ಲ್ಡ್ ಜಪಾನ್ ಆದಾಗಲೂ ಅದೇ ರಾಗ.

ನಮ್ಮವಳ ವಿಷಯದಲ್ಲಿ ಹಾಗೇನೂ ಆಗಲಿಲ್ಲ. ಹುಡುಗಿಯರೆಲ್ಲ ಸೇರಿ ಒಂದೇ ಟ್ಯೂಬಿಗೆ ಜೋತುಬಿದ್ದು ಕಿರುಚುತ್ತಿದ್ದರು. ಕಾಲಕ್ಕೆ ತಕ್ಕಂತೆ ಏನೋ ಬದಲಾಗಿದೆ, ಇಲ್ಲ ಅನ್ನೋಲ್ಲ. ದಡದಲ್ಲಿ ಮಾತ್ರ ಬೇರೆ ಲೋಕ. ಜಪಾನಿ ಅಮ್ಮಂದಿರು ಮೊಣಕೈ ದಾಟಿದ ಗ್ಲೌಸು, ಮುಖ ಮುಚ್ಚುವ ಟೋಪಿ, ಕೈಯಲ್ಲೊಂದು ಕೊಡೆ. ಬಿಳುಪೊಂದಿದ್ದರೆ ಏಳು ಕುಂದು ಮುಚ್ಚುತ್ತದೆ ಅಂತ ಅವರಲ್ಲೊಂದು ಗಾದೆಯೇ ಇದೆ. ನಮ್ಮ ಪಕ್ಕದ ಬಿಲ್ಡಿಂಗಿನ ಇಂಡಿಯನ್ ಆಂಟಿ ನನ್ನ ಕಿವಿಯಲ್ಲಿ, ‘ಇಷ್ಟೊತ್ತು ಬಿಸಿಲಲ್ಲಿ ಬಿಡ್ಬೇಡಿ, ಕಪ್ಪಾಗ್ತಾಳೆ’ ಅಂದರು. ಸಮುದ್ರ ದಾಟಿ ಬಂದರೂ ಅತ್ತ ದರಿ, ಇತ್ತ ಪುಲಿ!

ಅಲ್ಲೇ ಮಗಳ ಗೆಳತಿಯ ಅಮ್ಮನಿಗೆ ಬೆಳಗಿನ ಕಥೆ ಹೇಳಿದೆ. ಅವಳು ಕೊರಿಯಾ ಮೂಲದವಳು, ಇಲ್ಲಿ ಮೂರನೇ ತಲೆಮಾರು. ಕೊರಿಯಾ ಜಪಾನಿನ ಕೈಯಲ್ಲಿದ್ದ ಕಾಲದಲ್ಲಿ ಅವಳ ಅಜ್ಜ ಒಸಾಕಾಗೆ ಬಂದವರು. ಆಗ ಅವರೂ ಜಪಾನಿನ ಪ್ರಜೆಗಳೇ. 1952ರಲ್ಲಿ ಸರ್ಕಾರ ಒಂದೇ ಏಟಿಗೆ ಅವರೆಲ್ಲರ ಪೌರತ್ವ ತೆಗೆದುಹಾಕಿತು. ಈಗ ಅಂಥವರ ಮಕ್ಕಳು ಮೊಮ್ಮಕ್ಕಳಿಗೆ ವಿಶೇಷ ಕಾಯಂ ನಿವಾಸಿ ಅಂತ ಸ್ಥಾನ ಇದೆ. ಕಾರ್ಡ್ ಜೇಬಲ್ಲೇ ಇರಬೇಕು ಅಂತಿಲ್ಲ. ಇದ್ದರೂ ಕೇಳುವವರಿಲ್ಲ, ನೋಡೋಕೆ ಅವರೂ ಇವರೂ ಒಂದೇ ತರಹ.

‘ನನ್ನನ್ನು ಯಾರೂ ನಿಲ್ಲಿಸಲ್ಲ’ ಅಂದಳು. ‘ಆದ್ರೆ ಕಾಲೇಜು ಮುಗಿಯೋವರೆಗೂ ನನ್ನ ನಿಜವಾದ ಕೊರಿಯನ್ ಹೆಸರು ಗೆಳತಿಯರಿಗೇ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹೆಸರು ಕೂಗಿದಾಗ ಈಗಲೂ ಸುತ್ತ ನೋಡಿಕೊಂಡೇ ಏಳ್ತೀನಿ.’

ನನಗೆ ಮಾತೇ ಹೊರಡಲಿಲ್ಲ. ಬಚ್ಚಿಡೋಕಾಗದ ನನ್ನ ಬಣ್ಣ, ಬಚ್ಚಿಡಬೇಕಾಗಿ ಬಂದ ಅವಳ ಹೆಸರು. ಇದರಲ್ಲಿ ಯಾವುದು ವಾಸಿ ಅಂತ ಕೇಳಿದರೆ ನಾನು ನನ್ನದನ್ನೇ ಆರಿಸಿಕೊಳ್ಳುತ್ತೇನೆ. ಕಡೇಪಕ್ಷ ಎಲ್ಲರೂ ನೋಡುತ್ತಿದ್ದಾರೆ ಅಂತ ಗೊತ್ತಿರುತ್ತೆ, ಎದೆ ಡವಗುಟ್ಟಿಕೊಂಡು ಕಾಯಬೇಕಾಗಿಲ್ಲ.

ರಾತ್ರಿ ದಾವಣಗೆರೆಗೆ ವಿಡಿಯೋ ಕಾಲ್. ಮಗಳು ಅಜ್ಜಿಗೆ ಪೊಲೀಸರ ಕಥೆಯನ್ನು ಬಣ್ಣ ಕಟ್ಟಿ ಹೇಳಿದಳು. ನಮ್ಮ ಅತ್ತೆ ಒಳ್ಳೆಯವರು. ಆದರೆ ಮದುವೆ ಮಾತುಕತೆಯಲ್ಲಿ ನನ್ನ ಬಗ್ಗೆ ‘ಸ್ವಲ್ಪ ಕಪ್ಪು, ಆದ್ರೂ ಲಕ್ಷಣವಾಗಿದಾಳೆ’ ಅಂದಿದ್ದು ಇಡೀ ಬಳಗಕ್ಕೇ ಗೊತ್ತು. ಅವರ ಮಗ ಕೆಂಪಗೆ, ಅದು ಅವರ ಹೆಮ್ಮೆ. ಆ ಎರಡು ಬಣ್ಣದ ನಡುವಿನ ಅಂತರಕ್ಕೆ ನಮ್ಮಪ್ಪ ಎಷ್ಟು ಮಾತು ಕೇಳಬೇಕಾಯಿತು ಅಂತ ನನಗೆ ಗೊತ್ತು. ನಿಶಿ-ಕಸಾಯಿಯ ಸಿಗ್ನಲ್‌ನಲ್ಲಿ ಆ ಅಂತರ ಯಾರ ಕಣ್ಣಿಗೂ ಬೀಳಲಿಲ್ಲ. ಒಬ್ಬರ ಕಾರ್ಡ್ ನೋಡಿದರು, ಇನ್ನೊಬ್ಬರ ಕಾರ್ಡನ್ನೂ ಅಷ್ಟೇ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

ಅತ್ತೆ ಎಲ್ಲಾ ಕೇಳಿಸಿಕೊಂಡು ಸ್ಕ್ರೀನಿಗೆ ಇನ್ನಷ್ಟು ಹತ್ತಿರ ಬಂದರು. ‘ಅವನನ್ನೂ ನಿಲ್ಲಿಸಿದ್ರಾ? ನನ್ನ ಮಗನನ್ನೂ? ಅಷ್ಟು ಕೆಂಪಗಿದಾನಲ್ಲೇ!’

ಯಜಮಾನರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಸ್ವಲ್ಪ ಜಾಸ್ತಿಯೇ. ಅಷ್ಟರಲ್ಲಿ ಅತ್ತೆಯ ಕಣ್ಣು ಮೊಮ್ಮಗಳ ಮೇಲೆ ಬಿತ್ತು. ‘ಏನಮ್ಮಾ, ಮಗೂನ ಬಿಸಿಲಲ್ಲಿ ಬಿಟ್ಟಿದ್ದೀಯಾ? ನಾಳೆಯಿಂದ ಕಡ್ಲೆಹಿಟ್ಟು, ಮೊಸರು ಕಲಸಿ ಹಚ್ಚು’ ಅಂದರು.