ದೊಡ್ಡವರಾದ ಮೇಲೆ ಸುನ್ನತಿ: ಯಾರಿಗೆ ಬೇಕು, ಯಾವಾಗ ಮಾಡಿಸಬೇಕು

ನಲವತ್ತು ವರ್ಷ ಸರಾಗವಾಗಿ ಹಿಂದೆ ಸರಿಯುತ್ತಿದ್ದ ಮುಂದೊಗಲು (ಶಿಶ್ನದ ತುದಿಯನ್ನು ಮುಚ್ಚುವ ಚರ್ಮ) ಈಚೆಗೆ ಬಿಗಿಯಾಗುತ್ತಾ ಬಂದಿದೆಯೇ? ಹಾಗಿದ್ದರೆ ಸರ್ಜನ್ ಹತ್ತಿರ ಹೋಗುವ ಮೊದಲು ಲ್ಯಾಬಿಗೆ ಹೋಗಿ ಶುಗರ್ ಟೆಸ್ಟ್ ಮಾಡಿಸಿ. ಖಾಲಿ ಹೊಟ್ಟೆಯ ಶುಗರ್ ಜೊತೆಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಕೂಡ ಬೇಕು. ತಮಗೆ ಸಕ್ಕರೆ ಕಾಯಿಲೆ ಇದೆ ಅಂತ ಎಷ್ಟೋ ಗಂಡಸರಿಗೆ ಮೊದಲು ಗೊತ್ತಾಗುವುದೇ ಇಲ್ಲಿಂದ.

ಕಾರಣ ಸರಳ. ಸಕ್ಕರೆ ತುಂಬಿದ ಮೂತ್ರದ ಹನಿ ಚರ್ಮದ ಒಳಗೆ ಉಳಿಯುತ್ತದೆ, ಅಲ್ಲಿ ಕ್ಯಾಂಡಿಡಾ ಎಂಬ ಫಂಗಸ್ ಬೆಳೆಯುತ್ತದೆ. ತುದಿ ಕೆಂಪಾಗಿ, ತುರಿಕೆ ಶುರುವಾಗಿ, ಮೊಸರಿನಂಥ ಬಿಳಿ ಪದರ ಕಟ್ಟುತ್ತದೆ. ಮುಂದೊಗಲಿನ ಅಂಚಿನಲ್ಲಿ ಉದ್ದುದ್ದ ಸಣ್ಣ ಸೀಳುಗಳು ಬೀಳುತ್ತವೆ. ಉಚ್ಚೆ ತಾಗಿದರೆ ಉರಿಯುತ್ತದೆ. ಒಂದು ಸೀಳು ಮಾಯುವಾಗ ಗಾಯದ ಕಲೆ ಉಳಿಯುತ್ತದೆ, ಕಲೆಯ ಚರ್ಮ ಹಿಗ್ಗುವುದಿಲ್ಲ, ಮುಂದಿನ ಸಲ ಅದೇ ಜಾಗ ಮತ್ತೆ ಸೀಳುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ತುದಿಯಲ್ಲಿ ಗಟ್ಟಿ ಉಂಗುರ ಕಟ್ಟಿಕೊಳ್ಳುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುವುದರಿಂದ, ಅವನ್ನು ತಗೊಳ್ಳುವವರಲ್ಲಿ ಈ ಸೋಂಕು ಜಾಸ್ತಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ವಿಷಯ ಹೇಳಿ.

ಉಂಗುರ ಗಟ್ಟಿಯಾಗುವ ಮೊದಲೇ ಹಿಡಿದರೆ ಕ್ಲೋಟ್ರಿಮಾಝೋಲ್ 1% ಕ್ರೀಮು ದಿನಕ್ಕೆರಡು ಸಲ ಒಂದೆರಡು ವಾರ ಹಚ್ಚಿ, ಶುಗರ್ ಹತೋಟಿಗೆ ತಂದರೆ ಬಹಳ ಮಂದಿಗೆ ವಾಸಿಯಾಗುತ್ತದೆ. ಹೆಂಡತಿಗೂ ತುರಿಕೆ, ಬಿಳಿಸೆರಗು ಇದ್ದರೆ ಅವರಿಗೂ ಜೊತೆಯಲ್ಲೇ ಚಿಕಿತ್ಸೆ ಆಗಬೇಕು. ಆ ಜಾಗಕ್ಕೆ ಸೋಪು, ಡೆಟಾಲ್ ಹಾಕಬೇಡಿ, ಬರೀ ನೀರು ಸಾಕು. ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ" ಅಂತ ಕೇಳಿದರೆ ಕೈಗೆ ಸಿಗುವುದು ಬಹುಪಾಲು ಸ್ಟೆರಾಯ್ಡ್, ಆ್ಯಂಟಿಬಯಾಟಿಕ್, ಫಂಗಸ್ ಔಷಧಿ ಮೂರನ್ನೂ ಬೆರೆಸಿದ ಟ್ಯೂಬು. ಎರಡು ದಿನ ಹಾಯೆನಿಸಿ ಆಮೇಲೆ ಸೋಂಕು ಇಮ್ಮಡಿಯಾಗುವುದು ಇದರಿಂದಲೇ.

ಚಿಕ್ಕಂದಿನಿಂದಲೂ ಬಿಗಿಯಿರುವ ಹುಡುಗರ ವಿಷಯ ಬೇರೆ. ಅಲ್ಲಿ ಸೋಂಕಾಗಲಿ ಕಲೆಯಾಗಲಿ ಇಲ್ಲದಿದ್ದರೆ, ಡಾಕ್ಟರ್ ನೋಡಿ ಬರೆದುಕೊಟ್ಟ ಬೀಟಾಮೆಥಸೋನ್ 0.05% ಕ್ರೀಮನ್ನು ಬಿಗಿಯಿರುವ ಉಂಗುರದ ಮೇಲಷ್ಟೇ ತೆಳ್ಳಗೆ, ದಿನಕ್ಕೆರಡು ಸಲ, 4ರಿಂದ 8 ವಾರ ಹಚ್ಚಬೇಕು. ಸ್ನಾನದ ಬಿಸಿನೀರಿನಲ್ಲಿ ಚರ್ಮ ಮೆತ್ತಗಾದಾಗ ನೋವಾಗದಷ್ಟು ಮಾತ್ರ ಹಿಂದೆ ಎಳೆಯಬೇಕು. ಬಲವಂತವಾಗಿ ಎಳೆದು ಸೀಳಿಸಿಕೊಂಡರೆ ಇಲ್ಲದ ಕಲೆಯನ್ನು ನೀವೇ ತಂದುಕೊಂಡಂತೆ. ಇನ್ನು ಕೆಲವರಿಗೆ ಮುಂದೊಗಲು ಸರಿಯಾಗಿಯೇ ಇರುತ್ತದೆ, ಕೆಳಗಡೆಯ ಫ್ರೆನ್ಯುಲಮ್ ಎಂಬ ಸಣ್ಣ ಪಟ್ಟಿ ಮಾತ್ರ ಗಿಡ್ಡ. ಅದನ್ನು ಬಿಡಿಸಿ ಉದ್ದ ಮಾಡಿದರೆ ಮುಗಿಯಿತು, ಇಡೀ ಚರ್ಮ ತೆಗೆಯಬೇಕಾಗಿಲ್ಲ.

ತೆಗೆಯಲೇಬೇಕಾದದ್ದು ಯಾವಾಗ? ಮುಂದೊಗಲಿನ ತುದಿ ಬೆಳ್ಳಗೆ ಕಾಗದದಂತೆ ಬಿರುಸಾಗಿದ್ದರೆ ಅದು ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆ ಇರಬಹುದು. ಶುರುವಿನಲ್ಲಿ ಕ್ಲೋಬೆಟಾಸೋಲ್ ಕ್ರೀಮಿಗೆ ಬಗ್ಗುತ್ತದೆ, ಮುಂದುವರಿದರೆ ಮೂತ್ರದ ದ್ವಾರವೇ ಕಿರಿದಾಗುತ್ತದೆ. ಇಲ್ಲಿ ಸುನ್ನತಿಯೇ ಸರಿಯಾದ ಚಿಕಿತ್ಸೆ, ತೆಗೆದ ಚರ್ಮವನ್ನು ಬಯಾಪ್ಸಿಗೆ ಕಳಿಸುವಂತೆ ಕೇಳಿ. ಗಟ್ಟಿ ಉಂಗುರ ಕಟ್ಟಿಕೊಂಡವರು, ಔಷಧಿ ಕೊಟ್ಟರೂ ಸೋಂಕು ಮರುಕಳಿಸುವವರು, ಉಚ್ಚೆ ಹೊಯ್ಯುವಾಗ ಚರ್ಮ ಬಲೂನಿನಂತೆ ಉಬ್ಬುವವರು ಕೂಡ ಮುಂದೂಡುತ್ತಾ ಹೋಗಬಾರದು. ಹಿಂದೆ ಸರಿದ ಚರ್ಮ ಮುಂದೆ ಬರದೆ ಸಿಕ್ಕಿಕೊಂಡು ತುದಿ ಊದಿಕೊಂಡರೆ ಅದು ಎಮರ್ಜೆನ್ಸಿ. ರಾತ್ರಿಯಾಗಿದ್ದರೂ ಹೊರಟುಬಿಡಿ, ತಡವಾದರೆ ರಕ್ತ ಸಂಚಾರ ನಿಂತುಹೋಗುತ್ತದೆ.

ಶೀಘ್ರಸ್ಖಲನಕ್ಕೆ ಸುನ್ನತಿ ಮದ್ದಲ್ಲ. ಆ ಭರವಸೆ ಕೊಡುವ ಕ್ಲಿನಿಕ್ಕಿನಿಂದ ಎದ್ದು ಬನ್ನಿ. ಎಚ್‌ಐವಿ ವಿಷಯಕ್ಕೆ ಬಂದರೆ, ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳಲ್ಲಿ ನಡೆದ ಮೂರು ಪ್ರಯೋಗಗಳಲ್ಲಿ ಹೆಣ್ಣಿನಿಂದ ಗಂಡಿಗೆ ಹರಡುವ ಸಾಧ್ಯತೆ ಸುಮಾರು 60% ಕಡಿಮೆಯಾಗಿದ್ದು ನಿಜ. ಆದರೆ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿದ್ದು ಸೋಂಕು ವಿಪರೀತವಿದ್ದ ಆಫ್ರಿಕಾದ ದೇಶಗಳಿಗೆ. ಕಾಂಡೋಮ್ ಬದಲಿಗೆ ಇದು ನಿಲ್ಲುವುದಿಲ್ಲ. ಚಿಕ್ಕಂದಿನಲ್ಲಿ ಆಗದೆ ಉಳಿದವರು ಧರ್ಮದ ಕಾರಣಕ್ಕೆ ಈಗ ಮಾಡಿಸಿಕೊಳ್ಳುವುದಾದರೆ ಆಪರೇಷನ್ ಥಿಯೇಟರ್ ಇರುವ ಕಡೆ, ಸರ್ಜನ್ ಕೈಯಲ್ಲೇ ಮಾಡಿಸಿ. ವಯಸ್ಕರಲ್ಲಿ ರಕ್ತಸ್ರಾವ ಜಾಸ್ತಿ, ಸಾಮಾನ್ಯವಾಗಿ ಹೊಲಿಗೆ ಬೇಕಾಗುತ್ತದೆ. "ನಮ್ಮಲ್ಲಿ ಇದೆಲ್ಲ ಮಾಡಿಸಲ್ಲ, ಜನ ಏನಂದ್ಕೋತಾರೆ" ಅಂತ ನರಳುವ ಹಿಂದೂ ಗಂಡಸರು ನಮ್ಮ ಕಡೆ ಬಹಳ. ಫೈಮೋಸಿಸ್‌ಗೆ, ಅಂದರೆ ಮುಂದೊಗಲು ಬಿಗಿಯಾಗಿ ಹಿಂದೆ ಸರಿಯದ ಈ ತೊಂದರೆಗೆ, ಜಾತಿ ಧರ್ಮ ಇಲ್ಲ, ಅದರ ಆಪರೇಷನ್ನಿಗೂ ಇಲ್ಲ.

ಇನ್ನು ದಿನ ಗೊತ್ತು ಮಾಡುವುದು. ಮದುವೆ ನಿಶ್ಚಯವಾಗಿದ್ದರೆ ಕನಿಷ್ಠ ಎರಡು ತಿಂಗಳು ಮೊದಲೇ ಆಗಿರಬೇಕು. ಲಗ್ನಪತ್ರಿಕೆ ಹಂಚುವ ಹೊತ್ತಿಗೆ ಓಡಿಬಂದರೆ ಆಗುವುದಿಲ್ಲ. ಎಚ್‌ಬಿಎ1ಸಿ 8ಕ್ಕಿಂತ ಮೇಲಿದ್ದರೆ ಹೆಚ್ಚಿನ ಸರ್ಜನ್‌ಗಳು ಮೊದಲು ಅದನ್ನು ಇಳಿಸಿಕೊಂಡು ಬನ್ನಿ ಅನ್ನುತ್ತಾರೆ, ಅದು ಸರಿಯೇ. ಕೂತು ಮಾಡುವ ಕೆಲಸಕ್ಕೆ ಒಂದು ವಾರ ರಜೆ ಸಾಕು. ನರಸಾಪುರದ ಕಾರ್ಖಾನೆಗೆ ದಿನಾ ಬೈಕಿನಲ್ಲಿ ಹೋಗುವವರು, ತುಮಕೂರಿನಿಂದ ಬೆಳಗಿನ ರೈಲಿನಲ್ಲಿ ನಿಂತೇ ಬೆಂಗಳೂರಿಗೆ ಹೋಗುವವರು ಎರಡು ವಾರ ಲೆಕ್ಕ ಹಾಕಿ. ಟೊಮೆಟೊ ಬಾಕ್ಸ್ ಹೊರುವುದು, ತೆಂಗಿನ ಮರ ಹತ್ತುವುದು, ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುವುದು ಮೂರು ವಾರ ಬೇಡ. ಹಾಗಾಗಿ ರಾಗಿ ಕಟಾವು, ರೇಷ್ಮೆ ಹುಳು ಹಣ್ಣಾಗುವ ವಾರ ಇವನ್ನೆಲ್ಲ ಬಿಟ್ಟು ದಿನ ನೋಡಿ. ಏಪ್ರಿಲ್‌ ಬೆವರಿಗಿಂತ ಚಳಿಗಾಲ ವಾಸಿ.

ಇದಕ್ಕಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ. ಜನರಲ್ ಸರ್ಜನ್ ಮಾಡುವ ಕೆಲಸ ಇದು. ತುಮಕೂರಿನ ಜಿಲ್ಲಾಸ್ಪತ್ರೆ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ, ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆಯಂಥ ಕಡೆ ಸರ್ಜರಿ ಓಪಿಡಿಯಲ್ಲಿ ವಿಚಾರಿಸಿ. ರಕ್ತ ಬರುವುದಿದ್ದರೆ ಹೆಚ್ಚಾಗಿ ಮೊದಲ ರಾತ್ರಿಯೇ ಬರುವುದು. ಬೆಂಗಳೂರಿನಲ್ಲಿ ಮಾಡಿಸಿಕೊಂಡು ಸಂಜೆಯ ಬಸ್ಸಿಗೆ ಪಾವಗಡಕ್ಕೋ ಬಾಗೇಪಲ್ಲಿಗೋ ವಾಪಸಾದರೆ ಆ ರಾತ್ರಿ ನೋಡುವವರು ಯಾರು? ವಿಮೆ ಇದ್ದರೆ ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಸಿಕೊಳ್ಳಿ. ಕಾಯಿಲೆಯಿಲ್ಲದ ಸುನ್ನತಿಗೆ ಬಹುತೇಕ ಪಾಲಿಸಿಗಳು ದುಡ್ಡು ಕೊಡುವುದಿಲ್ಲ.

ಬುಡಕ್ಕೆ ಲಿಗ್ನೊಕೇನ್ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದರೆ ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆಯ ಕೆಲಸ. ಹೊಲಿಗೆ ಕರಗುವ ದಾರದ್ದು, ಎರಡು ಮೂರು ವಾರದಲ್ಲಿ ತಾನೇ ಉದುರುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಜಾಹೀರಾತಿನ "ಲೇಸರ್ ಸುನ್ನತಿ" ಎಷ್ಟೋ ಕಡೆ ನಿಜಕ್ಕೂ ಸ್ಟೇಪ್ಲರ್. ಸಮಯ ಉಳಿಯುತ್ತದೆ, ಖರ್ಚು ಏರುತ್ತದೆ, ಪಿನ್ನುಗಳು ಉದುರದೆ ಉಳಿದರೆ ಕೀಳಿಸಿಕೊಳ್ಳಬೇಕು. ಗಟ್ಟಿ ಕಲೆ ಕಟ್ಟಿದ ಚರ್ಮಕ್ಕೆ, ಕಣ್ಣಾರೆ ನೋಡಿಕೊಂಡು ಕತ್ತರಿಸಿ ಹೊಲಿಯುವ ಹಳೆಯ ವಿಧಾನವೇ ಮೇಲು. ಎಷ್ಟು ಚರ್ಮ ತೆಗೆಯುತ್ತೀರಿ ಅಂತ ಮುಂಚೆಯೇ ಕೇಳಿ. ಹೆಚ್ಚು ತೆಗೆದರೆ ನಿಮಿರಿದಾಗ ಎಳೆತ ಕಾಡುತ್ತದೆ, ಅದನ್ನು ಸರಿಪಡಿಸುವುದು ಕಷ್ಟ.

ಮನೆಗೆ ಬಂದ ಮೇಲೆ ಬಿಗಿಯಾದ ಚಡ್ಡಿಯೊಳಗೆ ಅಂಗವನ್ನು ಹೊಟ್ಟೆಯ ಕಡೆ ಮೇಲ್ಮುಖವಾಗಿ ಇಟ್ಟುಕೊಳ್ಳಿ, ಊತ ಬೇಗ ಇಳಿಯುತ್ತದೆ. ಬ್ಯಾಂಡೇಜು ಒಂದೆರಡು ದಿನದಲ್ಲಿ ತೆಗೆಯುತ್ತಾರೆ. ಅಂಟಿಕೊಂಡಿದ್ದರೆ ಕೀಳದೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸಿ. ಬೆಳಗಿನ ಜಾವ ತಾನಾಗಿ ನಿಮಿರಿದಾಗ ಹೊಲಿಗೆ ಎಳೆದು ಎಚ್ಚರವಾಗುತ್ತದೆ. ಎದ್ದು ಉಚ್ಚೆ ಹೊಯ್ದು ಬಂದು, ಮಗ್ಗುಲಾಗಿ ಮೊಣಕಾಲು ಮಡಚಿ ಮಲಗಿ. ಬಟ್ಟೆ ತಾಗಿದರೆ ಜುಮ್ಮೆನ್ನುವುದು ಎರಡು ವಾರದಲ್ಲಿ ಕಡಿಮೆಯಾಗುತ್ತದೆ. ಹೊಲಿಗೆಯ ಸುತ್ತ ತೆಳ್ಳಗಿನ ಹಳದಿ ಪೊರೆ ಕಂಡರೆ ಗಾಬರಿ ಬೇಡ, ಗಾಯ ಮಾಯುವ ರೀತಿಯೇ ಅದು. ದುರ್ವಾಸನೆ, ಜ್ವರ, ದಿನದಿನಕ್ಕೆ ಹೆಚ್ಚುವ ಕೆಂಪು ಇದ್ದರೆ ಸೋಂಕು. ಸಂಭೋಗ, ಹಸ್ತಮೈಥುನ ಎರಡೂ ಆರು ವಾರ ಬೇಡ. ಮೇಲೆ ಕೂಡಿದಂತೆ ಕಂಡರೂ ಒಳಗೆ ಹಸಿಯಿರುವಾಗ ಗಾಯ ಬಾಯಿಬಿಡುತ್ತದೆ, ಎಚ್‌ಐವಿಯಂಥ ಸೋಂಕಿಗೂ ಅದೇ ದಾರಿ. ಒತ್ತಿ ಹಿಡಿದು ಹದಿನೈದು ನಿಮಿಷವಾದರೂ ರಕ್ತ ನಿಲ್ಲದಿದ್ದರೆ, ಚರ್ಮದಡಿ ರಕ್ತ ಗಟ್ಟಿಕಟ್ಟಿ ಗಡ್ಡೆಯಂತೆ ಬೆಳೆಯುತ್ತಿದ್ದರೆ, ತುದಿ ಕಪ್ಪಿಟ್ಟರೆ, ಅಥವಾ ಉಚ್ಚೆಯೇ ಹೋಗದಿದ್ದರೆ ಬೆಳಗಾಗಲೆಂದು ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ.